ದೊಡ್ಡ ಕ್ರೂಸ್ ಬಿಡಿ, ಚಿಕ್ಕ ಹಡಗು ಹಿಡ್ಕೊಂಡು ಮುಂಬೈಯಿಂದ ಗೋವಾಕ್ಕೆ ಹೋಗೋದು ಹೆಂಗೆ

ಡೊಂಬಿವಲಿ, ಮಾಟುಂಗಾ, ಥಾಣೆ ಕಡೆಯ ನಮ್ಮ ಜನಕ್ಕೆ ಕ್ರೂಸ್ ಅಂದ ತಕ್ಷಣ ಕಣ್ಮುಂದೆ ಬರೋದು ಬಲ್ಲಾರ್ಡ್ ಪಿಯರಲ್ಲಿ ನಿಲ್ಲೋ ಕಾರ್ಡೀಲಿಯಾ, ಬಫೆ, ಕ್ಯಾಸಿನೋ, ರಾತ್ರಿ ಡ್ಯಾನ್ಸು. ತಪ್ಪೇನಿಲ್ಲ, ಮಜಾ ಇರುತ್ತೆ, ಆದ್ರೆ ಅಷ್ಟು ದೊಡ್ಡ ಹಡಗು ದಡದ ಹತ್ರ ಸುಳಿಯೋದೇ ಇಲ್ಲ, ಬೆಳಿಗ್ಗೆ ಎದ್ದು ಡೆಕ್ಕಿಗೆ ಬಂದ್ರೆ ನಾಲ್ಕೂ ಕಡೆ ನೀರು ಅಷ್ಟೇ. ಕೋಟೆ, ಖಾಡಿ (ಸಮುದ್ರ ಒಳಗೆ ನುಗ್ಗಿರೋ ಅಳಿವೆ), ತೆಂಗಿನ ತೋಟ, ಮೀನು ಹರಾಜು ಇವೆಲ್ಲ ನೋಡ್ಬೇಕು ಅಂದ್ರೆ ದಡಕ್ಕೆ ಅಂಟ್ಕೊಂಡು ಹೋಗೋ ಚಿಕ್ಕ ಹಡಗೇ ಬೇಕು.

ಹಂಗಂತ ಮುಂಬೈಯಲ್ಲಿ ಹತ್ತಿ ಊರೂರಲ್ಲಿ ನಿಲ್ಲಿಸ್ಕೊಂಡು ಗೋವಾದಲ್ಲಿ ಇಳಿಸೋ ಚಿಕ್ಕ ಹಡಗಿನ ರೆಡಿಮೇಡ್ ಪ್ಯಾಕೇಜ್ ಹುಡುಕ್ತಾ ಕೂತ್ರೆ ಸಿಗಲ್ಲ. ನಮ್ಮ ಹಿರಿಯರ ಕಾಲದಲ್ಲಿ ಮಂಗಳೂರಿಂದ ಬೊಂಬಾಯಿಗೆ ಸ್ಟೀಮರ್ ಇತ್ತು, ಹೋಟೆಲ್ ಕೆಲಸಕ್ಕೆ ಅಂತ ಬಂದ ಎಷ್ಟೋ ಜನ ಅದರಲ್ಲೇ ಬಂದೋರು. 2018ರಲ್ಲಿ ಅಂಗ್ರಿಯಾ ಅನ್ನೋ ಹಡಗು ಮುಂಬೈ-ಗೋವಾ ರಾತ್ರಿ ಪಯಣ ಶುರು ಮಾಡಿದಾಗ ಅವರಲ್ಲಿ ಸುಮಾರು ಜನಕ್ಕೆ ಹಳೇದೆಲ್ಲ ನೆನಪಾಗಿತ್ತು. ಈಗ ಜಯಗಡ, ವಿಜಯದುರ್ಗದವರೆಗೆ ದೊಡ್ಡ ರೋರೋ (ಗಾಡಿ ಸಮೇತ ಹತ್ತೋ ಹಡಗು) ಅಂತ ಆಗಾಗ ಸುದ್ದಿ ಬರುತ್ತೆ, ಟಿಕೆಟ್ ಕೈಗೆ ಬರೋವರೆಗೂ ಅದನ್ನ ಪ್ಲ್ಯಾನಿಗೆ ಸೇರಿಸ್ಬೇಡಿ. ಆಗೋ ದಾರಿ ಒಂದೇ: ಒಂದೊಂದು ತುಂಡಾಗಿ ಹೊಲೀಬೇಕು. ಭಾವುಚಾ ಧಕ್ಕೆಯಿಂದ ಮಾಂಡ್ವಾಕ್ಕೆ ರೋರೋ, ರಾಜಪುರಿಯಿಂದ ಜಂಜೀರಾ ಕೋಟೆಗೆ ಹಾಯಿ ದೋಣಿ, ಆಗರದಾಂಡಾ-ದಿಘಿ, ಬಾಗಮಾಂಡ್ಲಾ-ವೇಸವಿ, ದಾಭೋಳ-ಧೋಪಾವೆ, ತವಸಾಳ-ಜಯಗಡ ಈ ನಾಲ್ಕು ಖಾಡಿ ದಾಟೋಕೆ ಜಂಗಲ್ (ಗಾಡಿ ಹತ್ತಿಸೋ ಫೆರಿಗೆ ಅಲ್ಲಿಯವರು ಹಂಗೇ ಅನ್ನೋದು), ಮಾಲವಣದಲ್ಲಿ ಸಿಂಧುದುರ್ಗ ಕೋಟೆಗೆ ಬೋಟು, ಕೊನೆಗೆ ತೆರೇಖೋಲ್ ನದಿ ದಾಟಿದ್ರೆ ಗೋವಾದ ಕೇರಿ. ನಡುವೆ ಬೈಕೋ ಕಾರೋ ಇದ್ರೆ ಒಳ್ಳೇದು, ಬರೀ ಎಸ್‌ಟಿ (ಸರ್ಕಾರಿ) ಬಸ್ ನಂಬ್ಕೊಂಡ್ರೂ ಆಗುತ್ತೆ ಆದ್ರೆ ದಿನ ಡಬಲ್ ಆಗುತ್ತೆ. ಆರಾಮಾಗಿ ಹೋಗೋದಾದ್ರೆ ಒಂದು ವಾರ ರಜೆ ಇಟ್ಕೊಳ್ಳಿ, ಅದರಲ್ಲಿ ಒಂದು ದಿನ ಖಾಲಿ ಬಿಡಿ, ಸಮುದ್ರ ಬೇಡ ಅಂದ ದಿನ ಅದು ಕೆಲಸಕ್ಕೆ ಬರುತ್ತೆ.

ನಾವು ಪ್ಲ್ಯಾನ್ ಮಾಡೋವಾಗ ಸಾಮಾನ್ಯವಾಗಿ ಮೊದಲು ರಜೆ ನೋಡ್ತೀವಿ, ಆಮೇಲೆ ರೂಮು, ಆಮೇಲೆ ಉಳಿದಿದ್ದು. ಇಲ್ಲಿ ಉಲ್ಟಾ ಮಾಡಿ. ಮೊದಲು ಸೀಸನ್, ಆಮೇಲೆ ತಿಥಿ, ಆಮೇಲೆ ದಿನದ ಯಾವ ಹೊತ್ತು ಅನ್ನೋದು, ಎಲ್ಲಾ ಆದ್ಮೇಲೆ ರೂಮು. ಯಾಕೆ ಅಂತ ಹೇಳ್ತೀನಿ.

ಸೀಸನ್ ವಿಷಯ ಸಿಂಪಲ್. ಜೂನಿಂದ ಆಗಸ್ಟ್ ಕೊನೆವರೆಗೆ ಈ ಕಡಲು ಚಿಕ್ಕ ಬೋಟಿಗೆ ಆಗಿಬರಲ್ಲ, ಗೇಟ್‌ವೇಯಿಂದ ಹೊರಡೋ ಲಾಂಚ್ ಬಂದ್, ಜಂಜೀರಾ ಬಂದ್, ಸಿಂಧುದುರ್ಗ ಬಂದ್. 1947ರ ಜುಲೈ 17ಕ್ಕೆ ಇದೇ ಭಾವುಚಾ ಧಕ್ಕೆಯಿಂದ ರೇವಸ್‌ಗೆ ಹೊರಟ ರಾಮದಾಸ್ ಸ್ಟೀಮರ್ ಮಳೆಗಾಲದ ಅಲೆಗೆ ಸಿಕ್ಕಿ ಮುಳುಗಿ 600ಕ್ಕೂ ಹೆಚ್ಚು ಜನ ಹೋದ್ರು. ಮಳೆ ನಿಂತ ತಕ್ಷಣ ಸೆಪ್ಟೆಂಬರಲ್ಲೇ ಓಡ್ಬೇಡಿ, ಆಗ ನೀರು ಕದಡಿರುತ್ತೆ, ಅಲೆ ಇನ್ನೂ ಇಳಿದಿರಲ್ಲ, ಮಾಲವಣದಲ್ಲಿ ಸ್ನಾರ್ಕೆಲಿಂಗ್ ಅಂತ ಮುಖ ಮುಳುಗಿಸಿದ್ರೆ ಕೈಯೇ ಕಾಣಲ್ಲ. ನವೆಂಬರ್ ಕೊನೆಯಿಂದ ಫೆಬ್ರವರಿ ಬೆಸ್ಟ್. ಮೇ ತಿಂಗಳ ಶಾಲೆ ರಜೆಗೆ ಹೋಗೋರು ಹೋಗ್ತಾರೆ, ಆದ್ರೆ ಕೊನೆ ವಾರಗಳಲ್ಲಿ ಸೈಕ್ಲೋನ್ ಮೇಲೆ ಕಣ್ಣಿರ್ಲಿ. 2021ರ ತೌಕ್ತೆ ಮೇ ಮಧ್ಯದಲ್ಲೇ ಬಂತು, 2020ರ ನಿಸರ್ಗ ಜೂನ್ 3ಕ್ಕೆ ಅಲಿಬಾಗ್ ಪಕ್ಕದಲ್ಲೇ ದಡ ಹತ್ತಿ ಶ್ರೀವರ್ಧನ್ ದಿವೇಆಗರದ ಅಡಿಕೆ ತೆಂಗಿನ ತೋಟ ಎಲ್ಲಾ ಮಲಗಿಸಿಬಿಡ್ತು. ಹೊರಡೋ ಮುಂಚೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡೋ ಅಲೆಯ ಎತ್ತರದ ಮುನ್ಸೂಚನೆ ನೋಡಿ, ಮಳೆ ಬರುತ್ತಾ ಇಲ್ವಾ ಅನ್ನೋದಕ್ಕಿಂತ ಅಲೆ ಎಷ್ಟು ಮೀಟರ್ ಅನ್ನೋದೇ ನಮಗೆ ಬೇಕಾಗಿರೋದು.

ದಿಕ್ಕು: ಉತ್ತರದಿಂದ ದಕ್ಷಿಣಕ್ಕೆ ಹೋಗಿ, ಉಲ್ಟಾ ಬೇಡ. ಚಳಿಗಾಲ ಬೇಸಿಗೆಯಲ್ಲಿ ಬೆಳಿಗ್ಗೆ ಗಾಳಿ ಮೆತ್ತಗಿರುತ್ತೆ, ಮಧ್ಯಾಹ್ನ ಆಗ್ತಿದ್ದಂಗೆ ವಾಯವ್ಯದಿಂದ ಜೋರಾಗಿ ಬೀಸೋಕೆ ಶುರು. ದಕ್ಷಿಣಕ್ಕೆ ಹೊರಟೋರಿಗೆ ಅದು ಬೆನ್ನ ಹಿಂದೆ, ಉತ್ತರಕ್ಕೆ ಬರೋರಿಗೆ ಮುಖಕ್ಕೆ ಎದುರು, ಬೋಟಿಗೂ ಹಂಗೇ, ಬೈಕಿಗೂ ಹಂಗೇ. ಅದಕ್ಕೇ ಸಮುದ್ರದ ಕೆಲಸ ಏನಿದ್ರೂ ಹನ್ನೊಂದು ಗಂಟೆ ಒಳಗೆ ಮುಗಿಸಿ, ಮಧ್ಯಾಹ್ನ ರಸ್ತೆ, ಊಟ, ನಿದ್ದೆ.

ಈಗ ಅಸಲಿ ವಿಷಯ, ಉಬ್ಬರ ಇಳಿತ. ಮುಂಬೈ ಕಡೆ ಹುಣ್ಣಿಮೆ ಅಮಾವಾಸ್ಯೆ ಹತ್ರ ನೀರು 4 ಮೀಟರಿಗೂ ಹೆಚ್ಚು ಏರಿಳೀತದೆ, ಅಂದ್ರೆ ಒಂದು ಮಹಡಿಗಿಂತ ಜಾಸ್ತಿ. ಜೆಟ್ಟಿಯಲ್ಲಿ ಬೆಳಿಗ್ಗೆ ಕಾಲ ಬಳಿ ಇದ್ದ ಬೋಟು ಮಧ್ಯಾಹ್ನ ಎಲ್ಲೋ ಕೆಳಗೆ, ಪಾಚಿ ಹಿಡಿದ ಮೆಟ್ಟಿಲ ಬುಡದಲ್ಲಿ ಇರುತ್ತೆ, ಅಲ್ಲಿಂದ ಅಜ್ಜಿನ ಇಳಿಸೋದು ಹತ್ತಿಸೋದು ಯೋಚ್ನೆ ಮಾಡಿ. ಟೈಡ್ ಟೇಬಲ್ ಆಪಲ್ಲಿ ಸಿಗುತ್ತೆ, ಆದ್ರೆ ಇಲ್ಲಿಯ ಕೋಲಿ ಮೀನುಗಾರರು ಬಳಸೋ ಲೆಕ್ಕ ಇನ್ನೂ ಚಂದ, ಮನೆ ಗೋಡೆ ಮೇಲಿನ ಕ್ಯಾಲೆಂಡರ್ ಸಾಕು: ತಿಥಿಯನ್ನ ಮುಕ್ಕಾಲಿಂದ ಗುಣಿಸಿ, ಬಂದಿದ್ದು ತುಂಬು ಉಬ್ಬರದ ಗಂಟೆ. ಚೌತಿ ಅಂದ್ರೆ ನಾಲ್ಕರ ಮುಕ್ಕಾಲು ಮೂರು, ಅಂದ್ರೆ ಮೂರು ಗಂಟೆ ಸುಮಾರಿಗೆ ಉಬ್ಬರ, ಅಷ್ಟಮಿಗೆ ಆರು ಗಂಟೆ, ಹುಣ್ಣಿಮೆ ಅಮಾವಾಸ್ಯೆಗೆ ಹನ್ನೆರಡರ ಹತ್ರ. ಅದರಿಂದ ಆರು ಗಂಟೆ ಹಿಂದೆ ಅಥವಾ ಮುಂದೆ ಹೋದ್ರೆ ತಳ ಇಳಿತ. ಹುಣ್ಣಿಮೆ ಆದ್ಮೇಲೆ ಮತ್ತೆ ಪಾಡ್ಯದಿಂದ ಎಣಿಸಿ. ಇದು ಮುಂಬೈ ಅಲಿಬಾಗಿನ ಲೆಕ್ಕ, ದಕ್ಷಿಣಕ್ಕೆ ಹೋದಂಗೆ ಉಬ್ಬರ ಸ್ವಲ್ಪ ಬೇಗ ಬರುತ್ತೆ, ಗೋವಾ ಮುಟ್ಟೋ ಹೊತ್ತಿಗೆ ಏರಿಳಿತವೂ 2 ಮೀಟರ್ ಆಸುಪಾಸಿಗೆ ಬಂದಿರುತ್ತೆ, ಆಮೇಲೆ ಇದರ ತಲೆಬಿಸಿ ಕಮ್ಮಿ.

ಇದು ಎಲ್ಲಿ ಕೆಲಸಕ್ಕೆ ಬರುತ್ತೆ ಅಂದ್ರೆ ಮೊದಲ ದಿನವೇ, ಅಲಿಬಾಗಿನ ಕೊಲಾಬಾ ಕೋಟೆಯಲ್ಲಿ. ಇಳಿತದಲ್ಲಿ ನಡ್ಕೊಂಡೇ ಹೋಗ್ಬಹುದು, ಉಬ್ಬರದಲ್ಲಿ ಬೋಟು. ಅಷ್ಟಮಿ ದಿನ ಇಳಿತ ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತೆ, ಕೇಳೋಕೆ ಅನುಕೂಲ ಅನ್ಸುತ್ತೆ, ಆದ್ರೆ ಅಷ್ಟಮಿ ಅಂದ್ರೆ ನೀರು ಏರೋದೂ ಕಮ್ಮಿ ಇಳಿಯೋದೂ ಕಮ್ಮಿ, ಮೊಣಕಾಲು ನೀರಲ್ಲೇ ಹೋಗ್ಬೇಕಾಗುತ್ತೆ. ತದಿಗೆ, ಚೌತಿ, ಪಂಚಮಿ ಸರಿಯಾದ ದಿನ, ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ ತಳ ಇಳಿತ, ಮರಳು ಚೆನ್ನಾಗಿ ಬಿಚ್ಕೊಂಡಿರುತ್ತೆ. ನೀರು ತಿರುಗೋ ಮುಂಚೆ ವಾಪಸ್ ಹೊರಡಿ, ಕೋಟೆಯಲ್ಲಿ ಫೋಟೋ ತೆಗೀತಾ ಕೂತು ಆಮೇಲೆ ಓಡೋರನ್ನ ಪ್ರತಿ ಭಾನುವಾರ ನೋಡ್ಬಹುದು.

ಮೊದಲ ತುಂಡು ಸಲೀಸು. ಮಝಗಾಂವ್‌ನ ಭಾವುಚಾ ಧಕ್ಕೆಯಿಂದ ಮಾಂಡ್ವಾಕ್ಕೆ ರೋರೋ, 2020ರ ಮಾರ್ಚಲ್ಲಿ ಶುರುವಾಗಿದ್ದು, ಒಂದು ಗಂಟೆ ದಾರಿ, ಕಾರು ಬೈಕು ಎಲ್ಲಾ ಹೊಟ್ಟೆಯೊಳಗೆ. ಗಾಡಿ ಇಲ್ದಿದ್ರೆ ಗೇಟ್‌ವೇಯಿಂದ ಕ್ಯಾಟಮರಾನ್ ಹಿಡೀರಿ, ಮಾಂಡ್ವಾದಿಂದ ಅಲಿಬಾಗ್ ಬಸ್ಸೂ ಅದೇ ಟಿಕೆಟಲ್ಲಿ ಬರುತ್ತೆ. ವೀಕೆಂಡಲ್ಲಿ ರೋರೋದ ಕಾರ್ ಜಾಗ ಮೊದಲು ತುಂಬೋದು, ಅದಕ್ಕೇ ಶುಕ್ರವಾರ ಸಂಜೆ ಹೊರಡೋ ಆಸೆ ಬಿಟ್ಟು ಮಂಗಳವಾರ ಬುಧವಾರ ನೋಡಿ, ರೂಮೂ ಅಗ್ಗ.

ಅಲಿಬಾಗ್ ಬಿಟ್ಟ ಮೇಲೆ ಚೌಲ್, ರೇವದಂಡಾ. ಹೆಚ್ಚಿನೋರು ನಿಲ್ಲಿಸಲ್ಲ, ನೀವು ಹತ್ತು ನಿಮಿಷ ನಿಲ್ಲಿಸಿ. 15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಅನ್ನೋ ರಷ್ಯದ ವ್ಯಾಪಾರಿ ಇಳಿದಿದ್ದು ಈ ಚೌಲಲ್ಲಿ, ಇಲ್ಲಿಂದ ಜುನ್ನರ್ ಮೇಲೆ ಹಾದು ನಮ್ಮ ಬೀದರಿಗೆ ಹೋಗಿ ಬಹಮನಿ ಆಸ್ಥಾನದ ಥಾಟು ನೋಡಿ ಬರೆದಿಟ್ಟ. ವಾಪಸ್ ಹಡಗು ಹತ್ತಿದ್ದು ದಾಭೋಳದಲ್ಲಿ, ಅದೂ ನಮ್ಮ ದಾರಿಯಲ್ಲೇ ಬರುತ್ತೆ.

ಮುರುಡ್ ದಾಟಿದ್ರೆ ರಾಜಪುರಿ, ಅಲ್ಲಿಂದ ಜಂಜೀರಾ. ಇಡೀ ಟ್ರಿಪ್ಪಲ್ಲಿ ಒಂದೇ ಒಂದು ಕಡೆ ಹೋಗೋಕೆ ಟೈಮಿದೆ ಅನ್ನೋರಿಗೆ ನಾನು ಹೇಳೋದು ಇದನ್ನೇ. ದೋಣಿ ತುಂಬೋವರೆಗೂ ಹೊರಡಲ್ಲ, ಬೆಳಿಗ್ಗೆ ಮೊದಲ ದೋಣಿಗೆ ಹೋದ್ರೆ ಕಾಯೋದು ಕಮ್ಮಿ. ಇಂಜಿನ್ ಸದ್ದಿಲ್ಲದೆ ತ್ರಿಕೋನ ಹಾಯಿ ಎಳ್ದು ಕಟ್ಟಿ, ಒಬ್ಬ ಚುಕ್ಕಾಣಿ ಹಿಡಿದು ಕೂತ್ರೆ ಆಯ್ತು. ಹೋಗ್ತಾ ಹೋಗ್ತಾ ಬರೀ ಕಪ್ಪು ಗೋಡೆ ಕಾಣುತ್ತೆ, ಬಾಗಿಲೇ ಇಲ್ಲ ಅನ್ಸುತ್ತೆ, ತೀರಾ ಹತ್ರ ಹೋದಾಗ್ಲೇ ಎರಡು ಬುರುಜಿನ ಸಂದಿಯಲ್ಲಿ ದ್ವಾರ ಕಾಣೋದು, ಶಿವಾಜಿ ಕಾಲದಿಂದ ಮರಾಠರು ಎಷ್ಟು ಸಲ ಬಂದ್ರೂ ಇಲ್ಲಿ ಆಳ್ತಿದ್ದ ಸಿದ್ದಿಗಳ ಕೈಯಿಂದ ಇದನ್ನ ಕಿತ್ಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ನಂಬ್ಬೇಕು. ದ್ವಾರದ ಪಕ್ಕ ಕಲ್ಲಲ್ಲಿ ಆನೆಗಳನ್ನ ಪಂಜದಲ್ಲಿ ಅದುಮಿ ಹಿಡಿದಿರೋ ಹುಲಿಯಂಥ ಪ್ರಾಣಿ ಕೆತ್ತಿದಾರೆ, ಗೈಡ್ ಓಡಿಸ್ಕೊಂಡು ಹೋಗ್ತಾನೆ, ನಿಂತು ನೋಡಿ. ಒಳಗೆ ಉಪ್ಪು ನೀರಿನ ನಡುವೆ ಸಿಹಿನೀರ ಕೆರೆ, ಮೇಲೆ ಕಲಾಲ್ ಬಾಂಗಡಿ ತೋಪು. ಇಳಿಯೋ ಜಾಗದಲ್ಲಿ ಮಾತ್ರ ಎಚ್ಚರ, ಅಲೆ ದೋಣಿನ ಎತ್ತಿ ಇಳಿಸ್ತಾ ಇರುತ್ತೆ, ಮೇಲೆ ಬಂದ ಕ್ಷಣ ನೋಡ್ಕೊಂಡು ಮೆಟ್ಟಿಲಿಗೆ ಕಾಲಿಡ್ಬೇಕು, ಮೇಲಿದ್ದೋನು ರಟ್ಟೆ ಹಿಡಿದು ಎಳ್ಕೋತಾನೆ. ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಹಾಕಿ. ಮಂಡಿ ನೋವಿರೋರು ದಡದಲ್ಲೇ ಎಳನೀರು ಕುಡೀತಾ ಕೂರೋದು ವಾಸಿ, ಇದು ಕಡ್ಡಿ ಮುರಿದಂಗೆ ಹೇಳ್ತಾ ಇರೋ ಮಾತು.

ಆಮೇಲೆ ಆಗರದಾಂಡಾಕ್ಕೆ ಬಂದು ಮೊದಲ ಜಂಗಲ್. ಅಭ್ಯಾಸ ಇಲ್ಲದೋರಿಗೆ ಗಾಡಿ ಹತ್ತಿಸೋದೇ ಒಂದು ಸಾಹಸ. ಕಬ್ಬಿಣದ ರ‍್ಯಾಂಪ್ ಕಾಂಕ್ರೀಟಿಗೆ ಕಿರ್ರ್ ಅಂತ ಉಜ್ಜಿ ನಿಲ್ಲುತ್ತೆ, ಎದುರಿನವರೆಲ್ಲ ಇಳೀತಾರೆ, ಮೀನಿನ ಟೆಂಪೋ, ಸ್ಕೂಟರು, ಒಂದೆರಡು ಆಡು, ಆಮೇಲೆ ಶಿಳ್ಳೆ ಹಾಕ್ತಾ ಒಬ್ಬ ಬಂದು ನಿಮ್ಮ ಕಾರಿನ ಡಿಕ್ಕಿ ತಟ್ಟಿ ‘ಯೇಊ ದ್ಯಾ ಯೇಊ ದ್ಯಾ’ ಅಂತ ರಿವರ್ಸಲ್ಲಿ ಹತ್ತಿಸ್ತಾನೆ, ಪಕ್ಕದ ಗಾಡಿಗೂ ನಿಮ್ಮ ಕನ್ನಡಿಗೂ ಒಂದು ಗೇಣು ಜಾಗ. ಕನ್ನಡಿ ಮಡಚಿ, ಹ್ಯಾಂಡ್ ಬ್ರೇಕ್ ಎಳ್ದು ಗೇರಲ್ಲೇ ಬಿಡಿ. ಬೈಕಿನೋರು ಸೈಡ್ ಸ್ಟ್ಯಾಂಡ್ ಹಾಕಿ ಪಕ್ಕದಲ್ಲೇ ಹಿಡ್ಕೊಂಡು ನಿಲ್ಲಿ, ನೆಲ ಒದ್ದೆ ಇರುತ್ತೆ, ಜಾರುತ್ತೆ. ಕಾರಲ್ಲೇ ಎಸಿ ಹಾಕ್ಕೊಂಡು ಕೂರೋರನ್ನ ನೋಡಿದ್ರೆ ನಂಗೆ ಅಯ್ಯೋ ಅನ್ಸುತ್ತೆ, ಇಳಿದು ಮೇಲೆ ಹೋಗಿ, ಖಾಡಿ ಬಾಯಿಂದ ಸಮುದ್ರ ಕಾಣೋದೇ ಇಲ್ಲಿ. ಜಂಗಲ್ ರಾತ್ರಿಯಿಡೀ ಓಡಲ್ಲ, ಕೊನೆ ಟೈಮಿಂಗ್ ಎಷ್ಟು ಅಂತ ಆವತ್ತು ಬೆಳಿಗ್ಗೆ ಹೊರಡೋ ಊರಲ್ಲೇ ಕೇಳ್ಕೊಳ್ಳಿ, ತಪ್ಪಿಸ್ಕೊಂಡ್ರೆ ಖಾಡಿ ಸುತ್ತಿ ಬರೋಕೆ ಗಂಟೆಗಟ್ಟಲೆ ಘಟ್ಟದ ರಸ್ತೆ. ರೇವಸ್-ರೆಡ್ಡಿ ಕರಾವಳಿ ಹೆದ್ದಾರಿಗೆ ಅಂತ ಈ ಖಾಡಿಗಳ ಮೇಲೆ ಸೇತುವೆಗಳ ಕೆಲಸ ಹಿಡಿದಿದಾರೆ, ಎಲ್ಲಾ ಎದ್ದು ನಿಂತ ಮೇಲೆ ಜಂಗಲ್ ಯಾರಿಗೆ ಬೇಕು, ಅದಕ್ಕೇ ಹೋಗೋದಾದ್ರೆ ಬೇಗ ಹೋಗಿ.

ದಿಘಿಯಲ್ಲಿ ಇಳಿದ್ರೆ ದಿವೇಆಗರ, ಶ್ರೀವರ್ಧನ್, ಹರಿಹರೇಶ್ವರ, ಮತ್ತೆ ಬಾಗಮಾಂಡ್ಲಾದಲ್ಲಿ ಸಾವಿತ್ರಿ ನದಿ ದಾಟಿ ಕೇಳ್ಶಿ, ಆಂಜರ್ಲೆ, ಹರ್ಣೈ. ಹರ್ಣೈಯಲ್ಲಿ ದಡದ ಮೇಲೇ ಮೀನು ಹರಾಜು, ಬೆರಳ ಸನ್ನೆಯಲ್ಲೇ ರೇಟು ಹೋಗ್ತಿರುತ್ತೆ, ನಮ್ಮ ಮಲ್ಪೆ ನೋಡಿದೋರಿಗೂ ಇದು ಬೇರೆ ಥರ ಕಾಣುತ್ತೆ. ಎದುರಿಗೇ ಸುವರ್ಣದುರ್ಗ, ಬೋಟಿನೋರು ಕರ್ಕೊಂಡು ಹೋಗ್ತಾರೆ. 2025ರ ಜುಲೈಯಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮರಾಠರ 12 ಕೋಟೆಗಳಲ್ಲಿ ಇದೂ ಒಂದು, ಖಾಂದೇರಿ, ವಿಜಯದುರ್ಗ, ಸಿಂಧುದುರ್ಗ ಕೂಡ ಅದರಲ್ಲೇ ಇವೆ, ಅಂದ್ರೆ ಈ ಒಂದೇ ದಾರಿಯಲ್ಲಿ ನಾಲ್ಕು. ಸುವರ್ಣದುರ್ಗದಲ್ಲಿ ಅಂಗಡಿ, ಶೌಚಾಲಯ ಅಂತ ಲೆಕ್ಕ ಹಾಕ್ಕೋಬೇಡಿ, ನೀರು ಹೊತ್ಕೊಂಡೇ ಹೋಗಿ.

ದಾಭೋಳ ನಂಗೆ ವೈಯಕ್ತಿಕವಾಗಿ ಇಷ್ಟ. ಈಗ ಸಣ್ಣ ಊರು, ಆದ್ರೆ ಬಹಮನಿಗಳಿಗೆ, ಆಮೇಲೆ ಬಿಜಾಪುರದ ಆದಿಲಶಾಹಿಗಳಿಗೆ ಸಮುದ್ರದ ಬಾಗಿಲು ಅಂದ್ರೆ ಇದೇ, ಅರಬ್ಬೀ ಕುದುರೆಗಳು ಇಳಿದು ಘಟ್ಟ ಹತ್ತಿ ನಮ್ಮ ಕಡೆಗೆ ಬರ್ತಿದ್ವು. ಆದಿಲಶಾಹಿ ಕಾಲದ ಮಸೀದಿ ನೀರಿನ ಪಕ್ಕದಲ್ಲೇ ಇದೆ, ವಿಜಯಪುರದ ಕಡೆಯೋರು ಗುಮ್ಮಟ ನೋಡಿದ ತಕ್ಷಣ ನಮ್ಮೂರದ್ದು ಅಂತಾರೆ. ಜಂಗಲ್ ಹತ್ತಿ ವಾಶಿಷ್ಠಿ ದಾಟಿದ್ರೆ ಧೋಪಾವೆ, ಗುಹಾಗರ್. ಮುಂದೆ ತವಸಾಳ-ಜಯಗಡ, ಗಣಪತಿಪುಳೆ, ರತ್ನಾಗಿರಿ. ರತ್ನಾಗಿರಿಯಲ್ಲಿ ಬ್ರಿಟಿಷರು 1885ರಲ್ಲಿ ಗಡೀಪಾರು ಮಾಡಿದ ಬರ್ಮಾದ ಥೀಬಾ ರಾಜನ ಅರಮನೆ ಇದೆ, ಟೈಮಿದ್ರೆ ನೋಡಿ.

ರತ್ನಾಗಿರಿಯಿಂದ ಮಾಲವಣದವರೆಗೆ ಹೆಚ್ಚು ರಸ್ತೆಯೇ, ವಿಜಯದುರ್ಗದಲ್ಲಿ ಒಂದು ಸ್ಟಾಪ್ ಹಾಕಿ. ಮಾಲವಣದಲ್ಲಿ ಎರಡು ರಾತ್ರಿ ಇಡಿ. ಸಿಂಧುದುರ್ಗವನ್ನ ಶಿವಾಜಿ 1664ರಲ್ಲಿ ಕಟ್ಟೋಕೆ ಶುರು ಮಾಡಿ ಮೂರು ವರ್ಷದಲ್ಲಿ ಮುಗಿಸಿದ್ದು, ಒಳಗೆ ಶಿವಾಜಿಗೇ ಒಂದು ಗುಡಿ ಇದೆ, ಜೆಟ್ಟಿಯಿಂದ ಸ್ವಲ್ಪ ಹೊತ್ತಿನ ಬೋಟ್ ದಾರಿ. ರಾತ್ರಿ ನೀರಿನ ಮೇಲೇ ಮಲಗ್ಬೇಕು ಅನ್ನೋರು ತಾರ್ಕರ್ಲಿಯ ಕರ್ಲಿ ಹಿನ್ನೀರಲ್ಲಿ ಹೌಸ್‌ಬೋಟ್ ವಿಚಾರಿಸಿ. ದೇವಬಾಗ್ ಸಂಗಮದಲ್ಲಿ ಬನಾನಾ ಬೋಟು, ಪ್ಯಾರಾಸೇಲಿಂಗ್ ಅಂತ ಎಳೀತಾರೆ, ಮಕ್ಕಳಿದ್ರೆ ಸರಿ, ಇಲ್ಲಾಂದ್ರೆ ದೊಡ್ಡ ಗದ್ದಲ.

ಸೇಫ್ಟಿ ಬಗ್ಗೆ ಸ್ವಲ್ಪ ಗಂಭೀರವಾಗಿ. 2024ರ ಡಿಸೆಂಬರ್ 18ಕ್ಕೆ ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟ ಪ್ರವಾಸಿ ಬೋಟಿಗೆ ನೌಕಾಪಡೆಯ ಸ್ಪೀಡ್ ಬೋಟ್ ಗುದ್ದಿ ಹತ್ತಕ್ಕೂ ಹೆಚ್ಚು ಜನ ತೀರ್ಕೊಂಡ್ರು, ಅದೂ ಹಾಡಹಗಲು, ಶಾಂತ ಸಮುದ್ರದಲ್ಲಿ. ಹಂಗಾಗಿ ಲೈಫ್ ಜಾಕೆಟ್ ಸೀಟಿನ ಕೆಳಗಿದೆ ಅನ್ನೋದು ಲೆಕ್ಕಕ್ಕಿಲ್ಲ, ಮೈಮೇಲಿರ್ಬೇಕು, ಬಕಲ್ ಹಾಕಿರ್ಬೇಕು, ಮಕ್ಕಳಿಗೆ ಮಕ್ಕಳ ಸೈಜೇ ಬೇಕು, ದೊಡ್ಡೋರದ್ದು ಹಾಕಿದ್ರೆ ನೀರಲ್ಲಿ ತಲೆ ಮೇಲಿಂದ ಜಾರಿ ಹೋಗುತ್ತೆ. ನೀವೇ ಬೋಟ್ ಬಾಡಿಗೆ ಹಿಡಿಯೋದಾದ್ರೆ ರೇಟ್ ಮಾತಾಡೋ ಮುಂಚೆ ಬೋಟ್ ಸುತ್ತ ಒಂದು ಕಣ್ಣು ಹಾಯ್ಸಿ: ನೋಂದಣಿ ನಂಬರು, ಎಷ್ಟು ಜನ ಅಂತ ಬರೆದಿರೋದು, ಜಾಕೆಟ್ ಅಷ್ಟಿದೆಯಾ, ಎರಡನೇ ಇಂಜಿನ್ ಅಥವಾ ಹುಟ್ಟು ಏನಾದ್ರೂ ಇದೆಯಾ. ಬೋಟ್ ನಡೆಸೋ ತಾಂಡೇಲನ ಹತ್ರ ಎರಡು ಮಾತಾಡಿ, ಇವತ್ತು ಗಾಳಿ ಹೆಂಗೆ ಅಂತ ಕೇಳಿದ್ರೆ ಆಕಾಶ ನೋಡಿ ಉತ್ತರ ಕೊಡೋನ ಜೊತೆ ಹೋಗಿ, ‘ಕಾಹಿ ಟೆನ್ಷನ್ ನಾಹಿ’ ಅಂತ ಮೊಬೈಲ್ ನೋಡ್ತಾ ಹೇಳೋನ ಜೊತೆ ಬೇಡ. ಅವನು ಇವತ್ತು ಬೇಡ ಅಂದ್ರೆ ಜಾಸ್ತಿ ದುಡ್ಡು ತೋರಿಸಿ ಒಪ್ಪಿಸೋಕೆ ಹೋಗ್ಬೇಡಿ, ಖಾಲಿ ಬಿಟ್ಟ ದಿನ ಇರೋದೇ ಅದಕ್ಕೆ.

ವಾಂತಿ ಸಮಸ್ಯೆ ಇರೋರಿಗೆ: ಚಿಕ್ಕ ಬೋಟು ದೊಡ್ಡದಕ್ಕಿಂತ ಜಾಸ್ತಿ ಕುಣಿಯುತ್ತೆ. ಮಾತ್ರೆ ಡಾಕ್ಟರನ್ನ ಕೇಳಿ ಹೊರಡೋ ಅರ್ಧ-ಮುಕ್ಕಾಲು ಗಂಟೆ ಮುಂಚೆ ತಗೊಳ್ಳಿ, ತಲೆ ತಿರುಗೋಕೆ ಶುರುವಾದ್ಮೇಲೆ ನುಂಗಿದ್ರೆ ಅದೂ ಹೊರಗೇ. ನಡುಮಧ್ಯೆ ಕೂರಿ, ಹಿಂದೆ ಡೀಸೆಲ್ ಹೊಗೆ, ಮುಂದೆ ಎತ್ತಿ ಕುಕ್ಕೋದು. ಫೋನ್ ಒಳಗಿಟ್ಟು ದೂರದ ದಡವನ್ನೋ ಕೋಟೆಯನ್ನೋ ನೋಡ್ತಾ ಇರಿ. ಖಾಲಿ ಹೊಟ್ಟೆ ಬೇಡ, ಮಸಾಲೆ ದೋಸೆಯೂ ಬೇಡ, ಎರಡು ಇಡ್ಲಿ ಸಾಕು.

ಊಟದ ಚಿಂತೆ ಬೇಡ. ಸಸ್ಯಾಹಾರಿಗಳಿಗೆ ದಿವೇಆಗರ, ಶ್ರೀವರ್ಧನ್, ಗುಹಾಗರ್ ಕಡೆ ಮನೆಯೂಟದ ಖಾನಾವಳಿಗಳಿವೆ, ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದ್ರೆ ಬಿಸಿ ಉಕಡೀಚೆ ಮೋದಕ ಮಾಡಿಡ್ತಾರೆ, ಕೈಗೆ ತುಪ್ಪ ಸುರಿಯೋವಷ್ಟು ಹಾಕ್ತಾರೆ. ಮೀನು ತಿನ್ನೋರಿಗೆ ಹೇಳೋದೇನಿದೆ, ಮಾಲವಣದ ಬಂಗಡೆ, ಸುರಮೈ ಅಂದ್ರೆ ನಮ್ಮ ಅಂಜಲ್, ಜೊತೆಗೆ ಸೋಲ್‌ಕಢಿ. ನಗದು ಇಟ್ಕೊಳ್ಳಿ, ಖಾಡಿ ನಡುವೆ ನೆಟ್‌ವರ್ಕ್ ಹೋಗಿ ಯುಪಿಐ ಸುತ್ತುತ್ತಾ ಇರುತ್ತೆ, ಹಿಂದೆ ಇಪ್ಪತ್ತು ಗಾಡಿ ಹಾರ್ನ್ ಹೊಡೀತಿರ್ತವೆ.

ಗೋವಾ ತುದಿ ಬಗ್ಗೆ ಹೆಚ್ಚು ಹೇಳಲ್ಲ, ಎಲ್ರಿಗೂ ಗೊತ್ತಿರೋದೇ. ವೆಂಗುರ್ಲೆ, ಶಿರೋಡಾ, ರೆಡ್ಡಿ ಮೇಲೆ ಬಂದ್ರೆ ತೆರೇಖೋಲ್ ಕೋಟೆ, ಕೆಳಗೆ ಫೆರಿ ಹತ್ತಿ ಕೇರಿಗೆ ಇಳೀರಿ. ಮಾಂಡೋವಿ ನದಿಯ ಸಂಜೆ ಕ್ರೂಸಿನ ಡಿಜೆ ಬೇಡ ಅನ್ನೋರು ರಿಬಂದರಿಂದ ಚೋಡಾಣಕ್ಕೆ ಫೆರಿಯಲ್ಲಿ ಹೋಗಿ, ಆಚೆ ದಡದಲ್ಲೇ ಸಲೀಂ ಅಲಿ ಪಕ್ಷಿಧಾಮ, ಕಾಂಡ್ಲಾ ಕಾಡಿನ ನಡುವೆ ದೋಣಿಯಲ್ಲಿ ಸುತ್ತಿಸ್ತಾರೆ, ಅದಕ್ಕೂ ಉಬ್ಬರದ ಹೊತ್ತು ಬೇಕು, ಇಳಿತದಲ್ಲಿ ತೋಡಿನ ಕೆಸರೇ.

ವಾಪಸ್ ಕೊಂಕಣ ರೈಲು. ಗಾಡಿ ಬೈಕಾದ್ರೆ ಮಡಗಾಂವಿಂದ ಪಾರ್ಸೆಲ್ ಮಾಡಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡ್ಬೇಕು, ಆರ್‌ಸಿ ಜೆರಾಕ್ಸ್ ಬೇಕು, ಗೋಣಿ ಸುತ್ತೋರು ಸ್ಟೇಷನ್ ಹೊರಗೇ ಇರ್ತಾರೆ. ಟಿಕೆಟ್ 60 ದಿನ ಮುಂಚೆ ಓಪನ್ ಆಗುತ್ತೆ, ತಿಥಿ ನೋಡಿ ದಿನ ಗಟ್ಟಿ ಮಾಡಿದ ತಕ್ಷಣ ಮೊದಲು ಇದನ್ನ ಬುಕ್ ಮಾಡಿ. ಡಿಸೆಂಬರಲ್ಲಿ ಮತ್ಸ್ಯಗಂಧಾ ಊರಿಂದ ಬರೋರಲ್ಲೇ ತುಂಬಿರುತ್ತೆ, ಹಗಲು ಹೊತ್ತಿನ ಮಾಂಡೋವಿ ಎಕ್ಸ್‌ಪ್ರೆಸ್ ಅಥವಾ ಜನಶತಾಬ್ದಿ ನೋಡಿ, ಅದೂ ಸಿಗ್ಲಿಲ್ಲಾಂದ್ರೆ ಕುಡಾಳಿಂದಲೋ ಸಾವಂತವಾಡಿಯಿಂದಲೋ ಹೊರಡೋ ಸೀಟು ಹುಡುಕಿ, ಆವಾಗ ಗೋವಾದ ಒಂದು ದಿನ ಕಟ್ ಮಾಡಿ ಮಾಲವಣಕ್ಕೆ ಸೇರಿಸ್ಬಿಡಿ.